ಭಾವನ ಟೋಪನ್

ಅಕ್ಕನ ಗಂಡ, ನಮ್ಮ ಭಾವ, ಕೊಪ್ಪದಲ್ಲಿ ಟೈಲರು. ಗಣಪತಿ ಹಬ್ಬ ಬಂತೆಂದರೆ ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿ, ತೀರಿಹೋದ ದೊಡ್ಡ ನಟರೊಬ್ಬರ ವೇಷ ಹಾಕಿ ಊರೂರಿನ ಪೆಂಡಾಲಿಗೆ ಹೋಗುತ್ತಾರೆ. ಇಪ್ಪತ್ತು ವರ್ಷದಿಂದ ಇದೇ. ಅವರ ಅಪ್ಪ ಯಕ್ಷಗಾನದವರು. ಕಿರೀಟಕ್ಕೆ ಕೈಮುಗಿಯದೆ ರಂಗಕ್ಕೆ ಹೋದವರಲ್ಲ. ಭಾವನಿಗೆ ಕಿರೀಟ ಎಲ್ಲಿಂದ ಬರಬೇಕು? ಅವರು ಟೋಪನ್ನಿಗೇ ಕೈಮುಗಿಯುತ್ತಾರೆ. ಆ ಸುಳ್ಳುಕೂದಲನ್ನು ಒಗೆದ ಪಂಚೆಯಲ್ಲಿ ಸುತ್ತಿ, ಅಕ್ಕನ ಸೀರೆಗಳಿಗಿಂತ ಮೇಲಿನ ಹಲಗೆಯಲ್ಲಿ ಇಟ್ಟಿರುತ್ತಾರೆ.

ಹೋದ ವರ್ಷ ಇಂಥ ವೇಷಧಾರಿಯೊಬ್ಬನ ಮೇಲೆಯೇ ಒಂದು ನಗೆ ಸಿನಿಮಾ ಬಂತು. ಪತ್ರಿಕೆಯವರು ಹೊಗಳಿದ್ದೇ ಹೊಗಳಿದ್ದು. ಒಬ್ಬರು ಮಾತ್ರ, ಮಧ್ಯಂತರದ ನಂತರ ಎಳೆದಾಡಿದ್ದಾರೆ ಎಂದು ಬರೆದಿದ್ದರು. ಭಾವ ಎಲ್ಲವನ್ನೂ ಕತ್ತರಿಸಿ ಅಳತೆ ಪುಸ್ತಕದೊಳಗೆ ಇಟ್ಟುಕೊಂಡರು. "ನಮ್ಮ ಕಸುಬಿನ ಮೇಲೂ ಸಿನಿಮಾ ಮಾಡ್ತಾರೆ ಅಂದ್ರೆ ನೋಡು" ಎಂದು ನನ್ನನ್ನೂ ಶಿವಮೊಗ್ಗಕ್ಕೆ ಹೊರಡಿಸಿದರು.

ಸಿನಿಮಾದಲ್ಲಿ ಟೋಪನ್ ಜಾರಿ ಸಾಂಬಾರಿನ ಕೊಪ್ಪರಿಗೆಗೆ ಬೀಳುತ್ತದೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾಯಕ ಅದನ್ನು ಎತ್ತಿ, ಸಿಟ್ಟಿನಲ್ಲಿ ಕಾಲಡಿ ಹಾಕಿ ಹೊಸಕಿದಾಗಲೂ ನಕ್ಕೆ. ಪಕ್ಕಕ್ಕೆ ತಿರುಗಿ ನೋಡಲಿಲ್ಲ.

ಬರುವಾಗ ಬಸ್ಸು ನರಸಿಂಹರಾಜಪುರ ದಾಟಿತು. ಭಾವ ಕಿಟಕಿಗೆ ಹೇಳಿದ ಹಾಗೆ ಹೇಳಿದರು, "ಅಷ್ಟು ಜನ ಬರ್ದಿದಾರೆ. ಕಾಲಡಿ ಹಾಕಿದ್ದನ್ನ ಒಬ್ರೂ ಬರೀಲಿಲ್ಲ."

ಬಸ್ಸಿನ ಟಿಕೀಟನ್ನು ಮಡಚುತ್ತಾ ಮತ್ತೆ ಅವರೇ ಕೇಳಿದರು.

"ನಾರ್ವೆ ಊರಿನ ಪೆಂಡಾಲಿನವರಿಗೆ ಈ ಸಲ ಬರೋದಿಲ್ಲ ಅಂದ್ಬಿಡ್ಲಾ?"

"ಎಂತಕ್ಕೆ ಭಾವ?"

"ಇನ್ನು ನನ್ನ ಕಂಡ್ರೆ ಜನಕ್ಕೆ ಆ ಸಾಂಬಾರೇ ನೆನಪಾಗೋದು."

ಆದರೂ ಹೋದರು. ಒಪ್ಪಿಕೊಂಡ ಮಾತು ತಪ್ಪಿ ಗೊತ್ತಿಲ್ಲ ಅವರಿಗೆ. ನಾನೂ ಜೊತೆಗೆ ಹೋದೆ. ಸಂಜೆ ವೇದಿಕೆ ಹತ್ತಿದ್ದೇ ತಡ, ಹಿಂದಿನಿಂದ ಯಾರೋ ಕೂಗಿದರು, "ಕೂದ್ಲು ಬೀಳ್ಸು ಮಾರಾಯ, ಸಾಂಬಾರು ನಾವು ತರ್ತೀವಿ." ಪೆಂಡಾಲಿಗೆ ಪೆಂಡಾಲೇ ನಕ್ಕಿತು.

ಭಾವ ಎರಡೂ ಕೈಯಲ್ಲಿ ಟೋಪನ್ ತೆಗೆದು, ಗಣಪತಿಯ ಪಕ್ಕದ ಮೇಜಿನ ಮೇಲಿಟ್ಟು, ಕೈಮುಗಿದರು. ಬೋಳುತಲೆಯಲ್ಲೇ ಆ ನಟರ ದನಿ ತೆಗೆದರು. ಅವರದೊಂದು ಹಳೇ ಸಿನಿಮಾದಲ್ಲಿ ಮಗನನ್ನು ಕಳಕೊಂಡ ತಂದೆ ಆಡುವ ಮಾತು. ಇಬ್ಬರು ಮೂವರು ಎದ್ದು ಚಾ ಕುಡಿಯಲು ಹೋದರು. ಉಳಿದವರು ಕೂತರು. ಮುಂದಿದ್ದ ಅಜ್ಜಿಯೊಬ್ಬರು ಎಲೆಅಡಿಕೆಯ ಕವಳ ಜಗಿಯುವುದನ್ನು ಮರೆತು, ಕೆನ್ನೆಯೊಳಗೇ ಇಟ್ಟುಕೊಂಡು ಕೇಳುತ್ತಿದ್ದರು.

ವಾಪಸು ಬರುವಾಗ ಆಟೋದಲ್ಲಿ ನಾನೇ ಬಾಯಿಬಿಟ್ಟೆ. "ಅವತ್ತು ಟಾಕೀಸಲ್ಲಿ ನಾನು ನಕ್ಕಿದ್ದು ತಪ್ಪಾಯ್ತು ಭಾವ."

"ಸಾಂಬಾರಿಗೆ ಬಿದ್ದಾಗ ನಾನೂ ನಕ್ಕೆ ಮಾರಾಯ. ನಗು ಬರೋ ಹಾಗೇ ಇತ್ತು." ಪಂಚೆಯ ಗಂಟನ್ನು ತೊಡೆಯ ಮೇಲೆ ಸರಿಮಾಡಿಕೊಂಡರು. "ಕಾಲಡಿ ಹಾಕಿದ ಮೇಲೆ ನಿಲ್ಸಿದೆ. ನೀನು ನಿಲ್ಲಿಸ್ಲಿಲ್ಲ."