ಬಿಸಿಲಲ್ಲಿ ಬಿಗಿದ ಹಗ್ಗ

ತಮ್ಮ ಹೇಳಿದರೂ ನಾನು ಟ್ಯೂಬನ್ನು ಮೊದಲು ನೀರಿನಲ್ಲಿ ಅದ್ದಲಿಲ್ಲ. ಆಮೇಲೆ ಅಪ್ಪನ ಮುಂದೆ ನಿಜ ಹೇಳಲಿಲ್ಲ.

ಅವನಾಗ ಹಿರೇಕೆರೂರಿನ ಹೈಸ್ಕೂಲಿಗೆ ಹೋಗುತ್ತಿದ್ದ. ನಾನು ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಬೇಸಿಗೆಯಲ್ಲಿ ಮಾಸೂರಿನ ಕೆರೆಗೆ ನಾನು ಬಟ್ಟೆ ಒಗೆಯಲು ಹೋದರೆ ಅವನು ಈಜು ಕಲಿಯಲು ಬರುತ್ತಿದ್ದ. ಗಾಳಿ ತುಂಬಿದ ಹಳೆಯ ಸೈಕಲ್ ಟ್ಯೂಬನ್ನು ಮಡಚಿ ಅವನ ಬೆನ್ನಿಗೆ ಹಗ್ಗದಿಂದ ಬಿಗಿಯುವುದು ನನ್ನ ಕೆಲಸ. ಆ ದಿನ ಬಿಸಿಲಿಗೆ ಬಿದ್ದಿದ್ದ ಟ್ಯೂಬು ಉಬ್ಬಿ ಕಲ್ಲಿನಂತಾಗಿತ್ತು.

“ಅಕ್ಕಾ, ನೀರಾಗ ಅದ್ದಿ ಆಮ್ಯಾಲೆ ಕಟ್ಟು. ತಂಪಾದ್ರ ಒಳಗಿನ ಗಾಳಿ ಕುಗ್ಗತೈತಿ,” ಅಂದ.

“ಗಾಳಿ ಏನ್ ಹೊಸಾ ಅಂಗಿ ಏನಪಾ, ನೀರಿಗೆ ಹಾಕಿದ್ರ ಕುಗ್ಗಾಕ?”

“ಖರೇನ. ಒಂದೊಂದ್ ಡಿಗ್ರಿ ಇಳದಂಗ ಇಷ್ಟಿಷ್ಟ ಕುಗ್ಗತೈತಿ. ಸೊನ್ನಿ ಕೆಳಗ ಇನ್ನೂರಾ ಎಪ್ಪತ್ಮೂರಕ್ಕ ಹೋದ್ರ, ಲೆಕ್ಕದಾಗ ಗಾಳಿಗೆ ಜಾಗಾನ ಬೇಕಾಗಂಗಿಲ್ಲ. ಅದಕ್ಕಿಂತ ತಂಪು ಎಲ್ಲೂ ಇಲ್ಲಂತ.”

“ನಮ್ಮ ಕೆರಿ ಅಷ್ಟೇನ್ ತಂಪಿಲ್ಲ. ಸುಮ್ನ ನಿಂದರು,” ಎಂದು ಗಂಟು ಬಿಗಿದೆ. ಇನ್ನೂ ಅರ್ಧ ಬಟ್ಟೆ ಉಳಿದಿತ್ತು.

ಎದೆಮಟ್ಟದ ನೀರು ದಾಟಿದ್ದನಷ್ಟೆ. ಟ್ಯೂಬು ಸಡಿಲಾಗಿ, ಹಗ್ಗದೊಳಗಿಂದ ಜಾರಿ ಬೇರೆಯೇ ತೇಲಿತು. ತಮ್ಮನ ತಲೆ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ನನಗೆ ಈಜು ಬಾರದು. ಸೊಂಟದವರೆಗೆ ಇಳಿದೆ, ಕಾಲಡಿಯ ಕೆಸರು ಜಾರಿತು, ಅಲ್ಲೇ ನಿಂತೆ. ಅವನ ಎದೆಯೊಳಗಿನ ಗಾಳಿಯೂ ಹಾಗೆಯೇ ಕುಗ್ಗುತ್ತ ಕುಗ್ಗುತ್ತ ಆ ಲೆಕ್ಕದ ಕೊನೆಯನ್ನು ಮುಟ್ಟಿಬಿಡುತ್ತದೆ ಅನ್ನಿಸಿತು. ಹಿಂದಕ್ಕೆ ಬಂದು, ಒಗೆದಿಟ್ಟಿದ್ದ ಒದ್ದೆ ಸೀರೆಯ ಒಂದು ತುದಿ ಹಿಡಿದು ಇನ್ನೊಂದನ್ನು ಅವನತ್ತ ಎಸೆದೆ. ಮೂರನೆಯ ಸಲಕ್ಕೆ ಅವನ ಕೈಗೆ ಸಿಕ್ಕಿತು.

ತಮ್ಮ ಮುಳುಗಿದ ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು.

“ಗಂಟು ಯಾರು ಹಾಕಿದ್ದು?” ಅಪ್ಪ ಕೇಳಿದ.

“ನಾನ ಹಾಕಿದ್ದೆ. ಇವ ನಡುನೀರಾಗ ಬಿಚ್ಚಿಕೊಂಡ.”

ತಮ್ಮ ನನ್ನ ಮುಖ ನೋಡಿದ. ಅಪ್ಪ ಬಾರುಕೋಲು ತೆಗೆದುಕೊಂಡ. ನಾನು ಒಳಗೆ ಹೋಗಿ ಒಲೆಯ ಮುಂದೆ ಕುಳಿತೆ.

ಎಷ್ಟೋ ವರ್ಷಗಳ ಮೇಲೆ ಅವನು ಸವಣೂರಿಗೆ, ನನ್ನ ಗಂಡನ ಮನೆಗೆ ಬಂದಿದ್ದ. ಈಜು ಕಲಿಸು ಮಾಮಾ ಎಂದು ನನ್ನ ಮಗ ಬೆನ್ನು ಹತ್ತಿದ.

“ನನ್ನ ಕೇಳಬ್ಯಾಡಪಾ. ನಾ ನೀರಾಗ ಗಂಟು ಬಿಚ್ಚಿಕೊಂಡ ಹುಂಬ,” ಎಂದು ತಮ್ಮ ನಕ್ಕ.

ಅದು ಅಣಕದ ನಗುವಾಗಿರಲಿಲ್ಲ. ನನ್ನ ಸುಳ್ಳನ್ನು ಅವನೇ ನಂಬಿಬಿಟ್ಟಿದ್ದ. ಕೆರೆಯಲ್ಲಿ ನಿಂತಾಗಿನ ಅದೇ ಹೆದರಿಕೆ ಮತ್ತೆ ಬಂತು.

“ನೀ ಬಿಚ್ಚಿರ್ಲಿಲ್ಲ, ತಮ್ಮಾ,” ಅಂದೆ. “ಅದ್ದಿ ಕಟ್ಟು ಅಂದಿದ್ದಿ, ನಾ ಕೇಳ್ಲಿಲ್ಲ. ಅಪ್ಪನ ಮುಂದ ಸುಳ್ಳು ಹೇಳಿ ನಿನಗ ಹೊಡಿಸಿದೆ. ನಂದ ತಪ್ಪಾತು.”