ಅಜ್ಜನ ಕಿವಿಗಾಗಿ ಹಿಡಿದ ಹಟ

ಶಿವಮೊಗ್ಗದ ಗಾಂಧಿ ಬಜಾರಿಗೆ ಸ್ಟೀಲ್ ಪಾತ್ರೆ ಇನ್ನೂ ಕಾಲಿಡದ ದಿನಗಳವು. ಮದುವೆ ಅಂದರೆ ತಾಮ್ರ, ಹಿತ್ತಾಳೆ, ಕಂಚು, ಅಷ್ಟೆ. ಬಜಾರಿನಲ್ಲಿ ನಮ್ಮಜ್ಜನದು ಪಾತ್ರೆ ಅಂಗಡಿ. ಬೇಸಿಗೆ ರಜೆ ಬಿಟ್ಟರೆ ಸಾಕು, ಬೆಳಿಗ್ಗೆ ರೊಟ್ಟಿ ತಿಂದು ಕೈ ಒರೆಸಿಕೊಳ್ಳುವುದರೊಳಗೆ ನಾನು ಅಲ್ಲಿರುತ್ತಿದ್ದೆ. ಬೀದಿ ಮೂಲೆಯಲ್ಲಿ ಕಲಾಯಿ ಹಾಕುವವರ ಹೊಗೆ ಕಣ್ಣಲ್ಲಿ ನೀರು ತರಿಸುತ್ತಿತ್ತು. ಒಳಗೆ ಹುಣಸೆಹುಳಿ ಹಾಕಿ ಉಜ್ಜಿದ ಹಿತ್ತಾಳೆಯ ವಾಸನೆ. ಹಿಂದುಗಡೆ ತಗಡಿನ ಚಪ್ಪರದಡಿ ಕೆಲಸದವರು ದಿನವಿಡೀ ಹಂಡೆ, ಕೊಡ ಬಡಿಯುತ್ತಿದ್ದರು. ಆ ಸದ್ದಿನ ಪಕ್ಕದಲ್ಲೇ ಅಜ್ಜ ನಲವತ್ತು ವರ್ಷ ಕೂತಿದ್ದರು.

ಅಜ್ಜನ ಹೆಸರು ಊರಲ್ಲಿ ನಿಂತಿದ್ದು ಕಂಚಿನ ಗಂಗಾಳದ ಮೇಲೆ. ಮದುವೆಯಲ್ಲಿ ಅಳಿಯನಿಗೆ ಮೊದಲ ಊಟ ಬಡಿಸುವುದು ಗಂಗಾಳ ಅನ್ನುವ ಈ ಅಗಲ ತಟ್ಟೆಯಲ್ಲಿ. ಕಂಚು ಬಿರುಕು ಬಿಟ್ಟರೆ ಕಣ್ಣಿಗೆ ಕಾಣಿಸಲ್ಲ, ದನಿಯಲ್ಲಿ ಮಾತ್ರ ಗೊತ್ತಾಗುತ್ತೆ. ಅಜ್ಜ ಗಂಗಾಳವನ್ನು ಐದು ಬೆರಳ ತುದಿಯ ಮೇಲೆ ನಿಲ್ಲಿಸಿ ಮರದ ಕೋಲಿನಿಂದ ಅಂಚಿಗೆ ಒಂದೇ ಒಂದು ಪೆಟ್ಟು ಹೊಡೆಯುತ್ತಿದ್ದರು. ಒಳ್ಳೆ ಕಂಚು ಹಾಡುತ್ತಾ ಹಾಡುತ್ತಾ ನಿಧಾನಕ್ಕೆ ಸುಮ್ಮನಾಗುತ್ತೆ. ಬಿರುಕಿದ್ದರೆ ‘ಟೊಪ್’ ಅಂದು ಅಲ್ಲೇ ಸಾಯುತ್ತೆ.

ನನಗೆ ಹತ್ತು ತುಂಬಿದ ಆ ಬೇಸಿಗೆಯಲ್ಲಿ ಅಜ್ಜ ನನಗೂ ಈ ವಿದ್ಯೆ ಹೇಳಿಕೊಡುತ್ತಿದ್ದರು. ಪೆಟ್ಟು ಹೊಡೆದು, ನನ್ನ ಮುಖವನ್ನೇ ನೋಡಿ, “ಹೆಂಗೈತೆ ಪುಟ್ಟಿ?” ಅನ್ನುವರು. ನಾನು ತಲೆ ಆಡಿಸಿದರೆ ಬಲಕ್ಕೆ, ಮೂಗು ಮುರಿದರೆ ಎಡಕ್ಕೆ ಇಡುವರು. ಗಂಡುಮಕ್ಕಳಿಗೂ ಕಲಿಸದ ವಿದ್ಯೆಯನ್ನು ನನಗೆ ಕಲಿಸುತ್ತಿದ್ದಾರೆ ಅಂತ ನನಗೆ ಎಲ್ಲಿಲ್ಲದ ಜಂಬ!

ಮನೆಯಲ್ಲಿ ಮಾತ್ರ ಅಜ್ಜನ ಮೇಲೆ ಎಲ್ಲರಿಗೂ ಮುನಿಸು. ಕರೆದರೆ ತಿರುಗಲ್ಲ, ಕೇಳಿದ್ದಕ್ಕೆ ಉತ್ತರ ಇಲ್ಲ. “ವಯಸ್ಸಾಯ್ತು, ದುರಹಂಕಾರ ಬಂತು” ಅಂತ ಅಮ್ಮ ಒಲೆ ಮುಂದೆ ಗೊಣಗುವಳು. ಅಪ್ಪ ಗಂಟಲು ಹರಿಯುವ ಹಾಗೆ ಕೂಗಿದರೆ, “ಯಾಕೆ ಅರಚ್ತೀಯ? ನಾನೇನು ಕಿವುಡನಾ?” ಅಂತ ಅಜ್ಜ ಉರಿದು ಬೀಳುವರು. ಬರಬರುತ್ತಾ ಅವರ ಜತೆ ಮಾತಾಡುವುದನ್ನೇ ಎಲ್ಲರೂ ಕಡಿಮೆ ಮಾಡಿದರು. ತಟ್ಟೆ ಇಟ್ಟು ಬಡಿಸುವುದು, ಎತ್ತಿಕೊಂಡು ಹೋಗುವುದು, ಮುಗೀತು.

ಒಂದು ದಿನ ಹೊಳೆಹೊನ್ನೂರು ಕಡೆಯ ಗೌಡರೊಬ್ಬರು ಬಂದು ಗಂಗಾಳವನ್ನು ಗಲ್ಲಾಪೆಟ್ಟಿಗೆ ಮೇಲೆ ಇಟ್ಟರು. ನಾನು ಜ್ವರ ಬಂದು ಮನೆಯಲ್ಲಿ ಮಲಗಿದ್ದ ವಾರ ಕೊಂಡುಹೋದದ್ದು ಅದು.

“ಯಜಮಾನ್ರೇ, ಬೀಗರ ಮುಂದೆ ನನ್ನ ಮರ್ಯಾದೆ ಹೋಯ್ತು. ಅಳಿಯನಿಗೆ ಒಡಕು ಗಂಗಾಳದಲ್ಲಿ ಉಣ್ಣಕ್ಕೆ ಇಟ್ಟರು ಅಂತ ಎದ್ದೇಬಿಟ್ಟರು. ನಿಮ್ಮ ಅಂಗಡಿ ಅಂತ ನಾನು ಬಡಿದೂ ನೋಡಲಿಲ್ಲ.”

ಅಜ್ಜ ಅದನ್ನು ಬೆರಳ ಮೇಲೆ ನಿಲ್ಲಿಸಿ ಹೊಡೆದರು. ಟೊಪ್. ಇಡೀ ಅಂಗಡಿಗೆ ಕೇಳಿಸಿತು. ಅಜ್ಜನ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವರು ನನ್ನ ಕಡೆ ನೋಡಿದರು.

ಆಗ ಗೊತ್ತಾಯ್ತು ನನಗೆ. ಅಯ್ಯೋ ದೇವರೇ, ಇವರು ನನಗೆ ಕಲಿಸುತ್ತಿರಲಿಲ್ಲ, ನನ್ನ ಕಿವಿಯಿಂದ ಕೇಳುತ್ತಿದ್ದರು! ಅವತ್ತು ಸಂಜೆ ಅಜ್ಜನ ಹಿಂದೆ ನಿಂತು ಕರೆದೆ. ಇನ್ನೊಮ್ಮೆ ಕರೆದೆ. ಕೈಯಲ್ಲಿದ್ದ ಸೌಟಿನಿಂದ ತಂಬಿಗೆ ಬಡಿದೆ. ತಿರುಗಲಿಲ್ಲ. ಮುಂದೆ ಹೋಗಿ ನಿಂತೆ.

“ಅಜ್ಜ, ನಿಂಗೆ ಕಿವಿ ಕೇಳಲ್ಲ.”

ನನ್ನ ತುಟಿ ನೋಡುತ್ತಿದ್ದವರು ತಟ್ಟನೆ ಕಣ್ಣು ತಗ್ಗಿಸಿದರು. “ಯಾರಿಗೂ ಹೇಳಬ್ಯಾಡ. ಕಿವುಡನ ಹತ್ರ ಕಂಚು ಯಾರೇ ತಗೋತಾರೆ?”

“ಡಾಕ್ಟ್ರ ಹತ್ರ ಹೋಗಣ.”

“ಹೋಗೇ, ದೊಡ್ಡ ಹೆಂಗಸು!”

ನಾನೂ ಅವರ ಮೊಮ್ಮಗಳೇ ತಾನೆ? ಹಟ ಅವರಿಂದಲೇ ಬಂದದ್ದು. ಮಾರನೇ ದಿನ ಅಂಗಡಿಗೆ ಹೋದೆ, ಅವರ ಎದುರಿಗೇ ಕೂತೆ, ಬಾಯಿ ಮುಚ್ಚಿದೆ. ಅಜ್ಜ ಗಂಗಾಳ ಹೊಡೆದು ನೋಡಿದರೆ ನಾನು ಸೂರು ನೋಡುತ್ತಿದ್ದೆ. ತಲೆ ಆಡಿಸಲಿಲ್ಲ, ಮೂಗು ಮುರಿಯಲಿಲ್ಲ. ಮೆಣಸಿನಕಾಯಿ ಬಜ್ಜಿ ತರಿಸಿಕೊಟ್ಟರು; ತಿಂದೆ, ಮತ್ತೆ ಸೂರು ನೋಡಿದೆ. ಬೈದರು. ಎರಡು ದಿನ ಹೀಗೇ ಕಳೆಯಿತು. ಒಳಗೊಳಗೆ ನನಗೆ ಹೆದರಿಕೆ: ಹಟಕ್ಕೆ ಬಿದ್ದು ಇವರು ಇನ್ನೊಂದು ಒಡಕನ್ನು ಮಾರಿಬಿಟ್ಟರೆ?

ಮೂರನೇ ದಿನ ಮದುಮಗಳ ತಾಯಿಯೊಬ್ಬರು ಗಂಗಾಳ ಕೇಳಿಕೊಂಡು ಬಂದರು. ಅಜ್ಜ ಹೊಸದೊಂದನ್ನು ಹೊಡೆದರು. ನನ್ನ ಕಡೆ ನೋಡಿದರು. ನನ್ನ ಕಣ್ಣು ತುಂಬಿ ಬಂತು, ಆದರೂ ಸೂರಿನಿಂದ ಕಣ್ಣು ಕೀಳಲಿಲ್ಲ. ಅವರು ಮತ್ತೊಮ್ಮೆ ಹೊಡೆದು, ಗಂಗಾಳವನ್ನು ಕೆನ್ನೆಗೆ ಒತ್ತಿ ಹಿಡಿದರು. ಆಮೇಲೆ ಕೆಳಗಿಟ್ಟರು.

“ತಾಯಿ, ಇವತ್ತು ಬ್ಯಾಡ. ಮುಂದಿನ ವಾರ ಬರ್ರಿ.”

ಆಕೆ ಹೋದ ಮೇಲೆ ನನ್ನ ಕಡೆ ತಿರುಗಿ, “ಗೆದ್ದೆ ಬಿಡೇ ಮಾರಾಯ್ತಿ. ಆದ್ರೆ ಶಿವಮೊಗ್ಗದಲ್ಲಿ ಬ್ಯಾಡ. ಬಜಾರಿಗೆ ಗೊತ್ತಾಗ್ತದೆ” ಅಂದರು.

ಹಾಗಾಗಿ ಭದ್ರಾವತಿ. ಕಾರ್ಖಾನೆಯವರ ಕಿವಿ ನೋಡಿ ನೋಡಿ ಪಳಗಿದ ಡಾಕ್ಟರೊಬ್ಬರು ಅಲ್ಲಿದ್ದರು. ಅಪ್ಪನಿಗೆ ನಾನೇ ಎಲ್ಲ ಹೇಳಿದೆ. “ನಾನು ಅವರಿಗೆ ಎಷ್ಟು ಬೈದಿದೀನಲ್ಲೇ” ಅಂದ ಅಪ್ಪ, ಮರುದಿನ ಅಂಗಡಿಯನ್ನು ತಾವೇ ನೋಡಿಕೊಂಡು ನಮ್ಮಿಬ್ಬರನ್ನು ರೈಲು ಹತ್ತಿಸಿದರು.

ಡಾಕ್ಟರು ತಮಿಳಿನವರು. ಕನ್ನಡ ತಡೆದು ತಡೆದು ಬರುತ್ತಿತ್ತು, ಅದೇ ಅಜ್ಜನಿಗೆ ಅನುಕೂಲವಾಯ್ತು. ಎದುರಿಗೆ ಕೂತು, ನಿಧಾನವಾಗಿ, ಮುಖ ನೋಡಿ ಮಾತಾಡಿದರು. ಕಿವಿಗೆ ಎಣ್ಣೆಯಂಥ ಔಷಧಿ ಬಿಟ್ಟು, ನಾಲ್ಕು ದಿನ ಬಿಟ್ಟು ಮತ್ತೆ ಬನ್ನಿ ಅಂದರು. ಎರಡನೇ ಸಲ ಹೋದಾಗ ದೊಡ್ಡ ಪಿಚಕಾರಿಯಲ್ಲಿ ಬೆಚ್ಚಗಿನ ನೀರು ಹಾಯಿಸಿದರು. ನಾನು ಕಿವಿ ಕೆಳಗೆ ಬಟ್ಟಲು ಹಿಡಿದಿದ್ದೆ. ಬಲಗಿವಿಯಿಂದ ಕರೀ ಗುಗ್ಗೆ ಅಷ್ಟಷ್ಟು ದಪ್ಪ ಉದುರಿತು, ಅಬ್ಬಾ!

“ಎಡಗಡೆದು ಹೋಗಿದೆ ಅಯ್ಯಾ, ಬಡಿಯೋ ಸದ್ದಿಗೆ ಹೋಗಿದೆ, ಅದು ಬರಲ್ಲ. ಬಲಗಡೆ ಸ್ವಲ್ಪ ಕೇಳ್ತದೆ. ಇನ್ನು ಮೇಲೆ ಬಡಿಯೋರ ಪಕ್ಕ ಕೂರಬೇಡಿ. ಮೊದಲೇ ಬಂದಿದ್ರೆ ಇಷ್ಟು ದಿನ ಕಷ್ಟ ಯಾಕೆ ಪಡಬೇಕಿತ್ತು?”

ವಾಪಸು ಬರುವಾಗ ರೈಲಿನಲ್ಲಿ ಅಜ್ಜ ಕಿಟಕಿಗೆ ಬಲಗಿವಿ ಕೊಟ್ಟು ಕೂತಿದ್ದರು. ಅವರ ಬಲಕ್ಕೆ ಕಿಟಕಿ ಪಕ್ಕ ಕೂತ ನಾನು ಖುಷಿಯಲ್ಲಿ ಬಡಬಡಿಸುತ್ತಿದ್ದೆ: ರೈಲು ಜೋರಾಗಿ ಹೋಗ್ತಾ ಐತೆ, ಊರಿಗೆ ಬೇಗ ಸೇರ್ತೀವಿ, ಅಮ್ಮನಿಗೆ ಮೊದಲು ನಾನೇ ಹೇಳೋದು, ಹೀಗೆ ಏನೇನೋ. ಅಜ್ಜ ಮೆಲ್ಲನೆ ತಿರುಗಿದರು.

“ಪುಟ್ಟಿ, ನಿನಗೆ ‘ರ’ ಬರ್ತದೇನೇ?”

ನಾನು ಚಿಕ್ಕವಳಿದ್ದಾಗ ‘ರ’ ಅನ್ನಲು ಬಾರದೆ ‘ಲ’ ಅನ್ನುತ್ತಿದ್ದೆ. ಎಂಟು ವರ್ಷಕ್ಕೆ ಸರಿಯಾಗಿತ್ತು.

“ಅದು ಬಂದು ಎರಡು ವರ್ಷ ಆಯ್ತಲ್ಲ ಅಜ್ಜ?”

ಅಜ್ಜ ಹೆಗಲ ಮೇಲಿನ ವಸ್ತ್ರ ತೆಗೆದು ಮುಖಕ್ಕೆ ಹಿಡಿದುಕೊಂಡರು. ಅಷ್ಟು ದೊಡ್ಡ ಮನುಷ್ಯ ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಅಜ್ಜ ಯಾರಿಗೂ ಮುಚ್ಚಿಡಲಿಲ್ಲ. “ನನಗೆ ಕಿವಿ ಮಂದ. ಎದುರಿಗೆ ನಿಂತು ಹೇಳಿ. ಕಂಚನ್ನು ನನ್ನ ಮೊಮ್ಮಗಳು ನೋಡ್ತಾಳೆ” ಅಂತ ಬಾಯಿಬಿಟ್ಟು ಹೇಳುತ್ತಿದ್ದರು. ಗಿರಾಕಿ ಯಾರೂ ಬಿಟ್ಟುಹೋಗಲಿಲ್ಲ. ಹೊಳೆಹೊನ್ನೂರಿನ ಗೌಡರೂ ತಿರುಗಿ ಬಂದರು. ಅಮ್ಮ ಅಡುಗೆಮನೆಯಿಂದ ಎದ್ದು ಬಂದು, ಅಜ್ಜನ ಬಲಕ್ಕೆ ಕೂತು ಮಾತಾಡುವುದನ್ನು ಕಲಿತಳು. ಅಜ್ಜ ಆಮೇಲೆ ಐದು ವರ್ಷ ಇದ್ದರು.

ಈಗ ಆ ಅಂಗಡಿ ಇಲ್ಲ, ಗಂಗಾಳ ಬಡಿದು ಕೊಳ್ಳುವವರೂ ಇಲ್ಲ. ಅದು ಹೋದದ್ದಕ್ಕೆ ನನಗೆ ಅಂಥಾ ಸಂಕಟವೇನಿಲ್ಲ, ಕಾಲ ಹಾಗೇ. ಹೊಟ್ಟೆ ಉರಿಯುವುದು ಆ ಎರಡು ವರ್ಷಕ್ಕೆ. ಒಂದೇ ಸೂರಿನಡಿ ಇದ್ದು, ಎಂಟರಿಂದ ಹತ್ತರವರೆಗೆ ನಾನು ಆಡಿದ ಮಾತನ್ನು ನಮ್ಮಜ್ಜ ಕೇಳಲೇ ಇಲ್ಲ. ದುರಹಂಕಾರ ಅಂದುಕೊಂಡು ನಾವು ಯಾರೂ ಎದುರಿಗೆ ಹೋಗಿ ನಿಂತಿರಲಿಲ್ಲ.