ಎಂಜಿನ್ ಕುಂದ್ರಸೋದು

ಉದ್ದಿನಬೇಳೆ ನೆನೆಯಬೇಕಾದ ನನ್ನ ಡಬರಿಯಲ್ಲಿ ನಟ್ಟು-ಬೋಲ್ಟುಗಳು ನೆನೆಯುತ್ತಿದ್ದವು, ಡೀಸೆಲ್ಲಿನಲ್ಲಿ. ತುಕ್ಕು ಬಿಡಲಿ ಎಂದು ನಮ್ಮವರು ಇಟ್ಟದ್ದು. ನಾನು ನೋಡಿದೆ, ಮುಚ್ಚಳ ಮುಚ್ಚಿದೆ, ಒಳಗೆ ಹೋಗಿ ಚಹಾ ಮಾಡಿಕೊಂಡು ಕುಡಿದೆ. ಸಿಟ್ಟು ಬಂದಾಗ ಹತ್ತರವರೆಗೆ ಎಣಿಸಬೇಕೆಂದು ಕಾನ್ವೆಂಟಿನಲ್ಲಿ ಸಿಸ್ಟರು ಹೇಳಿಕೊಟ್ಟಿದ್ದರು. ಡಬರಿಯಲ್ಲಿ ಬೋಲ್ಟು ನೆನೆಹಾಕುವ ಗಂಡನಿಗೆ ಎಷ್ಟರವರೆಗೆ ಎಣಿಸಬೇಕೆಂದು ಹೇಳಿಕೊಡಲಿಲ್ಲ. ಪಾಪ, ಅವರಿಗೂ ಗೊತ್ತಿರಲಿಕ್ಕಿಲ್ಲ.

ವಿಷಯ ಇಷ್ಟೇ. ನಮ್ಮದೊಂದು ಹಳೆಯ ಪಿಕಪ್ ಗಾಡಿಯಿದೆ, ನಾಲ್ಕೂ ಗಾಲಿ ಎಳೆಯುವಂಥದ್ದು. ಗಂಗಾವತಿ ಕಡೆಯ ನಮ್ಮ ಸಿದ್ದಾಪುರದ ಸುತ್ತ ಕಾಲುವೆ ನೀರಿನ ಭತ್ತದ ಗದ್ದೆಗಳು. ಇಲ್ಲಿನ ಕೆಸರಿಗೆ ಎರಡು ಗಾಲಿಯ ಎಳೆತ ಸಾಲದು. ಈ ಸಲ ನಾಲ್ಕೂ ಸಾಲಲಿಲ್ಲ. ಗೊಬ್ಬರದ ಚೀಲ ಹೇರಿಕೊಂಡು ಹೋದ ಗಾಡಿ ಗದ್ದೆಯ ದಾರಿಯಲ್ಲಿ ಹೂತುಕೊಂಡಿತು. ಪಕ್ಕದ ಹೊಲದವನು ಟ್ರ್ಯಾಕ್ಟರು ತಂದು ಎಳೆದ. ಎಳೆದು ಸುಮ್ಮನೆ ಹೋಗಿದ್ದರೆ ನನ್ನ ಡಬರಿ ಉಳಿಯುತ್ತಿತ್ತು. ಅವನು ಹಗ್ಗ ಬಿಚ್ಚುತ್ತ, ನಾಲ್ಕು ಜನ ಕೇಳುವಂತೆ, “ಯಣ್ಣಾ, ವಯಸ್ಸಾಗಿದ್ದು ಗಾಡಿಗೋ, ನಿನಗೋ?” ಎಂದುಬಿಟ್ಟ.

ಅಂದು ಊಟಕ್ಕೆ ಕುಳಿತ ನಮ್ಮವರು ರೊಟ್ಟಿ ಮುರಿಯುತ್ತ, “ದೊಡ್ಡ ಎಂಜಿನ್ ಹಾಕಸ್ತೀನಿ” ಎಂದರು. ರೊಟ್ಟಿಗೆ ಹೇಳಿದರೋ ನನಗೋ ತಿಳಿಯಲಿಲ್ಲ.

ಎಂಜಿನ್ನಿನ ಬಲವನ್ನು ಕುದುರೆಗಳಲ್ಲಿ ಅಳೆಯುತ್ತಾರೆ ಎಂಬುದು ನನಗೆ ಶಾಲೆಯಿಂದಲೂ ಅರ್ಥವಾಗದ ಸಂಗತಿ. ಕುದುರೆ ಗಟ್ಟಿಯೋ ಬಡಕಲೋ, ಹೊಟ್ಟೆ ತುಂಬಿದ್ದೋ ಹಸಿದದ್ದೋ ಎಂದು ಯಾರೂ ಹೇಳುವುದಿಲ್ಲ. ಕನ್ನಡದಲ್ಲಂತೂ ಅದಕ್ಕೆ ಅಶ್ವಶಕ್ತಿ ಎನ್ನುತ್ತಾರೆ. ಆ ಶಬ್ದ ಕಿವಿಗೆ ಬಿದ್ದರೆ ನನಗೆ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ ಲೇಹ್ಯದ ಜಾಹೀರಾತೇ ನೆನಪಾಗುತ್ತದೆ. ಯೋಚಿಸಿದರೆ ಎರಡಕ್ಕೂ ಅಂಥ ದೂರವೇನಿಲ್ಲ. ಐವತ್ತು ದಾಟಿದ ಗಂಡಸರಲ್ಲಿ ಕೆಲವರು ಲೇಹ್ಯ ತಿನ್ನುತ್ತಾರೆ, ಕೆಲವರು ತಲೆಗೆ ಬಣ್ಣ ಹಚ್ಚುತ್ತಾರೆ. ನಮ್ಮವರು ಹೊಸಪೇಟೆಯ ಗುಜರಿಯಿಂದ ಎಂಜಿನ್ ತಂದರು.

ಎಂಜಿನ್ ಬದಲಿಸಲು ಆರ್‌ಟಿಒ ಕಚೇರಿಯ ಅನುಮತಿ ಬೇಕಂತೆ. ಅದಕ್ಕಾಗಿ ಕೊಪ್ಪಳಕ್ಕೆ ಓಡಾಡಿ ಅದನ್ನೂ ತಂದರು. ಗಾಡಿ ಓಡಿಸುವ ಹೆಂಡತಿಯ ಅನುಮತಿಯೂ ಬೇಕೆಂದು ಯಾವ ಕಾಯಿದೆಯಲ್ಲೂ ಬರೆದಿಲ್ಲವೆಂದು ಕಾಣುತ್ತದೆ.

ಹೌದು, ಆ ಗಾಡಿಯನ್ನು ನಾನು ಓಡಿಸುತ್ತೇನೆ. ನನಗೆ ಓಡಿಸಲು ಬರುವುದು ಅದೊಂದೇ. ಸುಗ್ಗಿ ಮುಗಿದ ಗದ್ದೆಯಲ್ಲಿ ಕಲಿತೆ. ಗಾಡಿಗೆ ಅಡ್ಡ ಸಿಗಲು ಅಲ್ಲಿ ಯಾರೂ ಇರಲಿಲ್ಲ. ಎರಡು ಬದುಗಳಿಗಷ್ಟೇ ನೋವಾಯಿತು. ಅದರ ಕ್ಲಚ್ಚು ಹೋಳಿಗೆಯ ಕಣಕದಷ್ಟು ಮೆತ್ತಗಿತ್ತು. ನನ್ನ ಅಕ್ಕ ಇರುವುದು ಯಲಬುರ್ಗಾದಲ್ಲಿ. ಬಸ್ಸಿನಲ್ಲಿ ಹೋದರೆ ಇಳಿದು, ಹತ್ತಿ, ಮತ್ತೆ ಇಳಿದು, ಮುಟ್ಟುವ ಹೊತ್ತಿಗೆ ಮರಳುವ ಬಸ್ಸಿನ ಹೊತ್ತಾಗಿರುತ್ತದೆ. ಗಾಡಿಯ ಕೀಲಿ ಕೈಗೆ ಬಂದ ಮೇಲೆ, ಮನಸ್ಸಾದ ಭಾನುವಾರ, ಯಾರನ್ನೂ ಕೇಳದೆ ಹೊರಡುವುದು ಅಭ್ಯಾಸವಾಗಿತ್ತು. ಎದುರುಮನೆಯ ಬಸಮ್ಮಕ್ಕನ ತವರೂ ಅತ್ತ ಕಡೆಯೇ. ಅವರು ಪಕ್ಕದ ಸೀಟಿನಲ್ಲಿ ಕುಳಿತು ದಾರಿಯುದ್ದಕ್ಕೂ ಸೊಸೆಯನ್ನು ಬೈಯುತ್ತಿದ್ದರು. ‘ಯಾರನ್ನೂ ಕೇಳದೆ’ ಎಂಬ ಎರಡು ಶಬ್ದ ಗೃಹಿಣಿಗೆ ಎಷ್ಟು ರುಚಿ ಎಂಬುದನ್ನು ಬಿಡಿಸಿ ಹೇಳಲಾರೆ.

ಗಂಗಾವತಿಯಿಂದ ಮೆಕ್ಯಾನಿಕ್ ಮೌಲಾಭಾಯಿ ಬಂದರು. ನಮ್ಮ ಅಂಗಳದ ತಗಡಿನ ಶೆಡ್ಡಿಗೆ ಸರಪಳಿ ರಾಟೆ ಕಟ್ಟಿದರು. “ಅಕ್ಕಾರ, ಬೇಫಿಕರ್ ಇರ್ರಿ. ಶುಕ್ರವಾರ ನಮಾಜಿಗೆ ಹೋಗೂದ್ರೊಳಗ ಎಂಜಿನ್ ಕುಂದ್ರಸಿಬಿಡ್ತೀನಿ” ಎಂದರು. ಯಾವ ಶುಕ್ರವಾರವೆಂದು ನಾನು ಕೇಳಬೇಕಿತ್ತು.

ನಮ್ಮ ಕಡೆ ಎಂಜಿನ್ನನ್ನು ಬರೀ ಹಾಕುವುದಿಲ್ಲ ನೋಡಿ, ಕುಂದ್ರಸುತ್ತಾರೆ. ಗಣಪತಿಯನ್ನು ಕುಂದ್ರಸುತ್ತಾರೆ, ಮದುಮಗಳನ್ನು ಹಸೆಯ ಮೇಲೆ ಕುಂದ್ರಸುತ್ತಾರೆ, ಬೀಗರನ್ನು ಗಾದಿಯ ಮೇಲೆ ಕುಂದ್ರಸುತ್ತಾರೆ. ತಂದು ಇಟ್ಟರೆ ಸಾಲದು, ಕೂರುವವರಿಗೂ ಮನಸ್ಸಾಗಬೇಕು. ಈ ಎಂಜಿನ್ನಿಗೆ ಮನಸ್ಸಾಗಲಿಲ್ಲ. ಸಣ್ಣ ಮನೆಗೆ ಬಂದ ದಪ್ಪ ಬೀಗರ ಹಾಗೆ, ಅದೊಂದು ಕೂರಬೇಕಾದರೆ ಉಳಿದವರೆಲ್ಲ ಎದ್ದು ನಿಲ್ಲಬೇಕಾಯಿತು. ರೇಡಿಯೇಟರು ಮುಂದಕ್ಕೆ ಸರಿಯಿತು. ಬ್ಯಾಟರಿ ಮೂಲೆ ಸೇರಿತು. ಭಾರ ತಾಳದೆ ಮೂತಿ ತಗ್ಗಿದ ಗಾಡಿಗೆ ಮುಂದಿನ ಕಮಾನುಪಟ್ಟಿ ಬದಲಾಯಿತು. ದೊಡ್ಡ ಎಂಜಿನ್ನಿಗೆ ದೊಡ್ಡ ಕ್ಲಚ್ಚೇ ಬೇಕೆಂದು ಅದೂ ಬಂತು. ನಾನು ದಿನಕ್ಕೆ ಎಷ್ಟು ಸಲ ಚಹಾ ಮಾಡಿದೆನೋ!

ಬಸಮ್ಮಕ್ಕ ದಿನಾ ಕಟ್ಟೆಯಿಂದಲೇ ಕೂಗಿ ಕೇಳುತ್ತಿದ್ದರು, “ಕುಂತತೇನ್ರಿ?”

“ಇನ್ನಾ ಇಲ್ಲ್ರಿ ಬಸಮ್ಮಕ್ಕ.”

“ನಮ್ಮ ಸೊಸೀನೂ ಹೊಸದಾಗಿ ಬಂದಾಗ ಹಿಂಗ ಮಾಡಿದ್ಲು ಬಿಡ್ರಿ. ಆಮ್ಯಾಲೆ ಕುಂತಾಕಿ ಇಲ್ಲೀತನಾ ಎದ್ದಿಲ್ಲ.”

ಕೊನೆಗೆ ತೊಂದರೆ ಬಂದದ್ದು ನಾಲ್ಕು ಗಾಲಿಯ ಹೆಮ್ಮೆಯಿಂದಲೇ. ಮುಂದಿನ ಗಾಲಿಗಳಿಗೂ ಶಕ್ತಿ ಒಯ್ಯುವ ದಪ್ಪ ಅಚ್ಚು ಕೆಳಗೆ ಅಡ್ಡ ಮಲಗಿರುತ್ತದೆ. ಎಂಜಿನ್ನಿನ ಅಡಿಯ ಎಣ್ಣೆ ತೊಟ್ಟಿ ಅದಕ್ಕೆ ತಾಗುತ್ತಿತ್ತು. ಎಂಜಿನ್ನನ್ನು ಮೇಲೆತ್ತಿ ಕುಂದ್ರಸಿದರು. ಮೇಲೆತ್ತಿದ್ದಕ್ಕೆ ಬಾನೆಟ್ಟು ಮುಚ್ಚಲಿಲ್ಲ. ಬಾನೆಟ್ಟನ್ನು ಕತ್ತರಿಸಿ ಮೇಲೊಂದು ತಗಡಿನ ಗೂಡು ಬೆಸೆದರು. ಗಾಡಿಗೆ ಹಣೆಯ ಮೇಲೆ ಬುಗುಟಿ ಎದ್ದಂತಾಯಿತು. ನಮ್ಮವರು ದೂರ ನಿಂತು, ಹತ್ತಿರ ಬಂದು, ಅದನ್ನು ಸವರಿ, “ಎಷ್ಟ ಗತ್ತಿಲೆ ಕಾಣ್ತೈತಿ ನೋಡು!” ಎಂದರು. ನನ್ನ ಮಕ್ಕಳ ನಾಮಕರಣದಲ್ಲೂ ಆ ದನಿ ಕೇಳಿರಲಿಲ್ಲ.

ಅಂತೂ ಗಾಡಿ ಶುರುವಾಯಿತು. ಬಸಮ್ಮಕ್ಕನ ಕಟ್ಟೆಯ ಮೇಲಿನ ಬೆಕ್ಕು ಅದರ ಸದ್ದಿಗೆ ಎದ್ದು ಓಡಿತು. ನಮ್ಮವರು ಓಣಿಯಲ್ಲಿ ಒಂದು ಸುತ್ತು ಹೊಡೆದು ಬಂದರು. ನಾನು ಸೆರಗು ಸಿಕ್ಕಿಸಿಕೊಂಡು ಹತ್ತಿದೆ. ಮುಂದೆ ನೋಡಿದರೆ ರಸ್ತೆಯಿಲ್ಲ, ಬುಗುಟಿ. ಕ್ಲಚ್ಚಿನ ಮೇಲೆ ಕಾಲಿಟ್ಟೆ. ಒತ್ತಿದೆ. ಕ್ಲಚ್ಚು ಅಲ್ಲೇ ಇತ್ತು. ನಾನೇ ಸೀಟಿನಿಂದ ಮೇಲೆದ್ದೆ. ಎರಡೂ ಕಾಲು ಇಟ್ಟು ಒತ್ತಿದೆ. ಅರ್ಧಕ್ಕೆ ಹೋಗಿ ಮರಳಿ ಬಂತು.

“ಹೋಗ್ಲಿ ಬಿಡ” ಎಂದರು ನಮ್ಮವರು, ಮಹಾ ಉದಾರವಾಗಿ. “ನಾ ಅದೀನಲ್ಲ? ಎಲ್ಲಿ ಹೋಗಬೇಕ ಹೇಳು, ನಾ ಕರ್ಕೊಂಡ ಹೋಗ್ತೀನಿ.”

ಈ ಮಾತಿನ ಅರ್ಥ ಹೆಂಗಸರಿಗೆಲ್ಲ ಗೊತ್ತು. ಎಲ್ಲಿಗೆ, ಯಾಕೆ, ಈಗಲೇ ಯಾಕೆ, ಮೊನ್ನೆ ಹೋಗಿದ್ದೆಯಲ್ಲ, ಕಾಲವಿಗೆ ನೀರು ಬಿಟ್ಟಾರ ಇವತ್ತ, ನಾಳೆ ನೋಡೋಣು. ನನ್ನ ಯಲಬುರ್ಗಾ ಕಣ್ಣೆದುರೇ ಹಂಪಿಯಷ್ಟು ಹಳೆಯದಾಯಿತು.

ಬಸಮ್ಮಕ್ಕ ಕಟ್ಟೆಯಿಂದ, “ಇನ್ನ ನಾವಿಬ್ರೂ ನಡಕೋತ ಹೋಗೂದ ಛಲೋ ಬಿಡ್ರಿ” ಎಂದರು.

ಮೌಲಾಭಾಯಿ ಕೈ ಒರೆಸಿಕೊಳ್ಳುತ್ತ ಗಾಬರಿಯಾಗಿದ್ದರು. “ಅಕ್ಕಾರ, ನಾ ಮೊದಲನೇ ದಿನಾನ ಕೇಳೀನ್ರಿ, ಗಾಡಿ ಹೊಡಿಯೋರು ಯಾರಂತ. ಅಣ್ಣಾರು ‘ಮತ್ಯಾರು? ನಾನ’ ಅಂದ್ರು.”

ನಾನು ಅಣ್ಣಾರ ಕಡೆ ನೋಡಿದೆ. ಅಣ್ಣಾರು ಬುಗುಟಿಯನ್ನು ನೋಡುತ್ತಿದ್ದರು. ಅವರು ಸುಳ್ಳು ಹೇಳಿದ್ದಲ್ಲ, ನನಗೆ ಗೊತ್ತು. ಕೇಳಿದಾಗ ನಾನು ಅವರ ನೆನಪಿಗೇ ಬರಲಿಲ್ಲ. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು.

ಕಾನ್ವೆಂಟು ನನಗೆ ದನಿ ಎತ್ತುವುದನ್ನು ಕಲಿಸಲಿಲ್ಲ. ದನಿ ಇಳಿಸಿ ಮಾತಾಡಿದೆ. “ಮೌಲಾಭಾಯಿ, ಈ ಗಾಡಿ ಹೊಡಿಯಾಕಿ ನಾನೂ ಅದೀನಿ. ನನ್ನ ಕಾಲಿಗೆ ಒಪ್ಪೂ ಹಂಗ ಮಾಡಿಕೊಡ್ರಿ. ಇಲ್ಲಾಂದ್ರ ಇದನ್ನ ಎಬ್ಬಿಸಿ ಹಳೇದ ಕುಂದ್ರಸ್ರಿ.”

“ಎಬ್ಬಿಸೂದಾ?” ನಮ್ಮವರ ಮುಖ ಬಿಳಿಚಿತು.

“ಬ್ಯಾಡ್ರಿ ಅಕ್ಕಾರ, ಎಬ್ಬಿಸೂ ಮಾತ ಬ್ಯಾಡ!” ಮೌಲಾಭಾಯಿ ಎರಡೂ ಕೈ ಎತ್ತಿದರು. “ಹೈಡ್ರಾಲಿಕ್ ಕ್ಲಚ್ ಹಾಕ್ತೀನಿ, ಬೆಣ್ಣಿ ಮ್ಯಾಲೆ ಕಾಲಿಟ್ಟಂಗ ಆಗ್ತೈತಿ. ಸೀಟೂ ಒಂದೀಟ ಎತ್ತರ ಮಾಡಿಕೊಡ್ತೀನಿ.”

“ಯಾವ ಶುಕ್ರವಾರ?” ಎಂದು ಈ ಸಲ ಕೇಳಿದೆ.

ಕ್ಲಚ್ಚು ಬೆಣ್ಣೆಯೇನೂ ಆಗಲಿಲ್ಲ. ಎರಡು ದಿನದ ರೊಟ್ಟಿಯಷ್ಟಾಯಿತು. ಆದರೆ ನನ್ನ ಒಂದೇ ಕಾಲಿಗೆ ಮಣಿಯಿತು, ಎತ್ತರದ ಸೀಟಿನಿಂದ ಬುಗುಟಿಯಾಚೆ ರಸ್ತೆ ಕಂಡಿತು. ಮುಂದಿನ ಭಾನುವಾರ ಯಲಬುರ್ಗಾಕ್ಕೆ ಹೊರಟೆ. ಬಸಮ್ಮಕ್ಕನಿಗೆ ಮೊಣಕಾಲು ನೋವು. ನಮ್ಮವರು, “ಹೊಸಾ ಎಂಜಿನ್, ನಾ ಜೋಡಿ ಇರ್ತೀನಿ” ಎಂದು ಕರೆಯದೆಯೇ ಹತ್ತಿ ಎಡಕ್ಕೆ ಕುಳಿತರು. ಅಲ್ಲಿ ಬ್ರೇಕಿಲ್ಲ ಎಂಬುದನ್ನು ಅವರ ಬಲಗಾಲು ದಾರಿಯುದ್ದಕ್ಕೂ ನಂಬಲಿಲ್ಲ.

ಹಸಿರು ಗದ್ದೆಗಳು ಮುಗಿದು ಕರಿ ನೆಲ ಶುರುವಾಗುವಲ್ಲಿ ಒಂದು ಏರು ಇದೆ. ಹಳೆಯ ಎಂಜಿನ್ ಅಲ್ಲಿ ಕೆಮ್ಮುತ್ತಿತ್ತು. ನಾನು ಗೇರು ಇಳಿಸಿ, ಹಿಂದಿನವರ ಹಾರ್ನು ಕೇಳುತ್ತ ಹತ್ತುತ್ತಿದ್ದೆ. ಈ ಸಲ ಕಾಲು ಒತ್ತಿದ್ದೇ ತಡ, ಗಾಡಿ ಯಾರೋ ಬೆನ್ನಿಗೆ ಕೈಕೊಟ್ಟು ನೂಕಿದಂತೆ ಏರಿತು. ಮುಂದಿದ್ದ ಬಸ್ಸನ್ನೂ ದಾಟಿದೆ.

ನಮ್ಮವರು ಇದಕ್ಕೇ ಕಾಯುತ್ತಿದ್ದರು. “ಹೆಂಗೈತಿ?”

“ಕ್ಲಚ್ಚು ಛಲೋ ಆಗೇತಿ” ಎಂದೆ.

ಅವರು ಬುಗುಟಿಯತ್ತ ಗದ್ದ ಎತ್ತಿದರು. “ಮತ್ತ ಎಂಜಿನ್ನು?”

“ಅದೂ ಐತಿ.”

ಅವರು ಮುಖ ಊದಿಸಿಕೊಂಡು ಎಡಗಡೆಯ ಜೋಳದ ಹೊಲ ನೋಡತೊಡಗಿದರು. ನನಗೆ ನಗು ಬಂತು. ಬಲಗಡೆಯ ಕಿಟಕಿಗೆ ತಿರುಗಿ ನಕ್ಕೆ, ಇನ್ನೊಂದು ಬಸ್ಸು ಸಿಕ್ಕೀತೇ ಎಂದು ಮುಂದೆ ನೋಡುತ್ತ ನಾಲ್ಕನೇ ಗೇರಿಗೆ ಹಾಕಿದೆ.